ಪ್ರಭಾರ ಕಾರ್ಯದರ್ಶಿಯ ಅಂಟುಚೀಟಿ

ಮೇಲೂರಿನ ದ್ರಾಕ್ಷಿ ಬೆಳೆಗಾರರ ಸಂಘದಲ್ಲಿ ರಮೇಶ್‌ಬಾಬು ಪ್ರಭಾರ ಕಾರ್ಯದರ್ಶಿಯಾಗಿ ಕೂತು ಎಷ್ಟು ಕಾಲವಾಗಿತ್ತೆಂದರೆ, ಪ್ರಭಾರ ಎನ್ನುವುದು ಅವನ ಮನೆಹೆಸರೇ ಇರಬೇಕೆಂದು ಹೊಸಬರು ತಿಳಿಯುತ್ತಿದ್ದರು. ಹಿಂದಿನ ಕಾರ್ಯದರ್ಶಿ ನಿವೃತ್ತನಾದ ದಿನ ಅಧ್ಯಕ್ಷ ಬಯ್ಯಪ್ಪನವರು, "ಸದ್ಯಕ್ಕೆ ನೀನೇ ನೋಡ್ಕೊಳಪ್ಪ ರಮೇಶಾ" ಅಂದಿದ್ದರು. ಆ ಸದ್ಯ ಇನ್ನೂ ಮುಗಿದಿರಲಿಲ್ಲ. ಗೌರಿಬಿದನೂರಿನ ಅವನ ಬಾಮೈದ ಹಬ್ಬಕ್ಕೆ ಬಂದಾಗಲೆಲ್ಲ ನಾಲ್ಕು ಜನರ ಮುಂದೆ, "ಇವರು ನಮ್ಮ ಪ್ರಭಾರ ಭಾವ" ಎಂದೇ ಪರಿಚಯ ಮಾಡಿಕೊಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ರಮೇಶ್‌ಬಾಬುವೂ ನಗುತ್ತಿದ್ದ, ಎಲ್ಲರಿಗಿಂತ ಕೊನೆಗೆ.

ಇಂಥವನಿಗೂ ಒಂದು ಕಾಲ ಬಂತು. ಬೆಂಗಳೂರಿನ ಒಂದು ಹಣ್ಣಿನ ಕಂಪನಿಯಿಂದ ಮಧುಸೂದನ್ ಎಂಬ ಅಧಿಕಾರಿ ಬಂದು, ತೋಟಗಳನ್ನೆಲ್ಲ ಸುತ್ತಿ, ಚಪ್ಪರದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು, ಕೊನೆಗೆ ಸಂಘದ ಕಚೇರಿಯಲ್ಲಿ ಕೂತು ಹೇಳಿದರು: "ನಿಮ್ಮ ಹಣ್ಣು ಪೂರಾ ನಾವೇ ತಗೋತೀವಿ ಸರ್. ಆದ್ರೆ ಲಾರಿ ಕಳಿಸಿದ್ಮೇಲೆ 'ಇನ್ನೂ ಹಣ್ಣಾಗಿಲ್ಲ, ನಾಳೆ ಬನ್ನಿ' ಅನ್ನಿಸ್ಕೊಳೋದು ನಮ್ಮಿಂದಾಗಲ್ಲ. ಯಾವ ತೋಟ ಯಾವತ್ತು ರೆಡಿ ಅಂತ ತೋರಿಸಿ, ಅಲ್ಲೇ ಆರ್ಡರ್ ತಗೊಳ್ಳೋ ಒಂದು ಆಪ್ ಮಾಡ್ಸಿ. ಕೊಯ್ಲು ಹೊತ್ತಿಗೆ ಬರ್ತೀನಿ. ಅದು ನಡೀತು ಅಂದ್ರೆ ಅವತ್ತೇ ಒಪ್ಪಂದ."

ಕಾರು ಹೋದ ಮೇಲೆ ಬಯ್ಯಪ್ಪನವರು ಮೀಸೆ ಮೇಲೆ ಕೈಯಾಡಿಸಿ, "ರಮೇಶಾ, ಆ ಒಪ್ಪಂದ ಆದ ದಿನ ನಿನ್ ಪ್ರಭಾರ ಕಿತ್ತಾಕ್ತೀನಿ. ಖಾಯಂ ಕಾರ್ಯದರ್ಶಿ! ಇದು ಬಯ್ಯಪ್ಪನ ಮಾತು" ಅಂದರು.

ಆ ಸಂಜೆ ರಮೇಶ್‌ಬಾಬು ಶಿಡ್ಲಘಟ್ಟದವರೆಗೂ ಹೋಗಿ ಹೆಂಡತಿಗೆ ಮೈಸೂರುಪಾಕು ತಂದ. ಹರಿತಾ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಖಾಯಂ ಆದ್ಮೇಲೆ ತರಬೇಕಿತ್ತು ಕಣ್ರೀ" ಅಂದಳು. ಹೆಂಗಸರಿಗೆ ದೂರದೃಷ್ಟಿ ಜಾಸ್ತಿ.

ಅದೇ ವಾರ ಚಿಕ್ಕಬಳ್ಳಾಪುರದ ಒಂದು ಹೋಟೆಲಿನ ಮಹಡಿಯಲ್ಲಿ ಸಂಘಸಂಸ್ಥೆಗಳವರಿಗೆಂದು ಯಾರೋ ಅಜೈಲ್ ಎಂಬ ವಿದ್ಯೆಯ ತರಬೇತಿ ಇಟ್ಟಿದ್ದರು. ಸಾಫ್ಟ್‌ವೇರ್ ಮಾಡಿಸುವಾಗ ಕೆಲಸವನ್ನು ತುಂಡು ತುಂಡು ಮಾಡಿ, ಒಂದೊಂದನ್ನೂ ಬಣ್ಣದ ಚೀಟಿಯಲ್ಲಿ ಬರೆದು, ಗೋಡೆಗೆ ಅಂಟಿಸಿ, ಮುಖ್ಯವಾದದ್ದನ್ನು ಮೇಲಿಟ್ಟು, ಎರಡೆರಡು ವಾರಕ್ಕೆ ಒಂದಿಷ್ಟು ಮುಗಿಸುತ್ತ ಬರುವುದು ಆ ವಿದ್ಯೆಯ ಸಾರ. ಎರಡು ವಾರದ ಓಟಕ್ಕೆ ಸ್ಪ್ರಿಂಟ್ ಎಂದೂ ಬಾಕಿ ಚೀಟಿಗಳ ಸಾಲಿಗೆ ಬ್ಯಾಕ್‌ಲಾಗ್ ಎಂದೂ ಹೆಸರು. ಇದನ್ನೆಲ್ಲ ರಮೇಶ್‌ಬಾಬು ಚೆನ್ನಾಗಿಯೇ ಕಲಿತ. ತಪ್ಪಿದ್ದು ಒಂದೇ ಪಾಠ. "ಮೊದಲು ನಿಮ್ಮ ವ್ಯವಹಾರದ ಗುರಿ ಏನು ಅಂತ ಬರೀರಿ, ಯಾವ ಚೀಟಿ ಮೇಲೆ, ಯಾವುದು ಕೆಳಗೆ ಅಂತ ಆ ಗುರಿ ಹೇಳಬೇಕು, ಮನುಷ್ಯರಲ್ಲ" ಎಂದು ಮೇಷ್ಟ್ರು ಹೇಳುವಾಗ ಅವನು ಎರಡನೇ ಸಲ ಖಾರಾಬಾತ್ ಹಾಕಿಸಿಕೊಳ್ಳುವ ಸಾಲಿನಲ್ಲಿದ್ದ. ಆ ದಿನದ ಖಾರಾಬಾತ್ ನಿಜಕ್ಕೂ ಚೆನ್ನಾಗಿತ್ತಂತೆ, ಅವನನ್ನು ದೂರಿ ಪ್ರಯೋಜನವಿಲ್ಲ.

ಊರಿಗೆ ಬಂದವನು ಕಚೇರಿಯಲ್ಲಿ, "ಇನ್ಮೇಲೆ ಈ ಆಪ್‌ಗೆ ನಾನು ಪ್ರಾಡಕ್ಟ್ ಓನರ್" ಎಂದು, ಚೀಟಿಗಳ ಉಸ್ತುವಾರಿಗೆ ತರಬೇತಿಯಲ್ಲಿ ಹೇಳಿಕೊಟ್ಟ ಹೆಸರನ್ನು ಘೋಷಿಸಿದ. ನಿರ್ದೇಶಕ ರಾಮಾಂಜಿನಪ್ಪನವರು ಕಾಫಿ ಲೋಟ ಕೆಳಗಿಟ್ಟರು. ಅವರು ಸಂಘದ ಮಾಜಿ ಅಧ್ಯಕ್ಷರು, ಮಾಜಿ ಎಂಬುದನ್ನು ಇನ್ನೂ ಒಪ್ಪಿಕೊಂಡಿರಲಿಲ್ಲ.

"ತೋಟ ನಂದು, ಗೊಬ್ಬರ ನಂದು, ಹಣ್ಣು ನಂದು. ಓನರ್ ಮಾತ್ರ ನೀನಾ? ಚೆನ್ನಾಗೈತಪ್ಪಾ!"

"ಅಯ್ಯೋ, ಅದು ಬರೀ ಹೆಸರು ರಾಮಾಂಜಿನಣ್ಣ. ಕೆಲಸ ಎಲ್ಲಾ ನಿಮ್ದೇ" ಎಂದು ರಮೇಶ್‌ಬಾಬು ಕೈ ಮುಗಿದ. ಅವನ ಹುದ್ದೆಯಲ್ಲಿ ಕೈಗೆ ಇದೇ ಮುಖ್ಯ ಕೆಲಸ.

ಆಪ್ ಮಾಡಿಕೊಡಲು ಒಪ್ಪಿದವಳು ಭಾನುಪ್ರಿಯಾ. ಚಿಕ್ಕಬಳ್ಳಾಪುರದ ಒಂದು ಬೇಕರಿಯ ಮೇಲೆ ಅವಳ ಪುಟ್ಟ ಕಚೇರಿ. ಅವಳಿಗೆ ಅಜೈಲ್ ಮೇಲೆ ಅಪಾರ ಭಕ್ತಿ. "ಗೋಡೆ ಮೇಲೆ ಯಾವ್ದು ಟಾಪಲ್ಲಿರುತ್ತೋ ನಾನು ಅದನ್ನೇ ಮೊದ್ಲು ಮಾಡೋದು ಸರ್. ಯಾಕೆ ಏನು ಅಂತ ಕೇಳಲ್ಲ. ಎರಡು ಚೀಟಿ ಒಂದೇ ಲೆವೆಲ್ಲಲ್ಲಿ ಇರಬಾರ್ದು, ಅದೊಂದೇ ರೂಲ್" ಎಂದಳು. ರಮೇಶ್‌ಬಾಬು ಭೇಷ್ ಎಂದ.

ಸಭೆಯ ದಿನ ಮೂವರೂ ನಿರ್ದೇಶಕರು ಬಂದರು. ಬಯ್ಯಪ್ಪ, ರಾಮಾಂಜಿನಪ್ಪ ಮತ್ತು ಮಹಿಳಾ ಬೆಳೆಗಾರರ ಪರವಾಗಿ ಅಮ್ಮಾಜಮ್ಮ. ಅಮ್ಮಾಜಮ್ಮನ ತವರು ಆಂಧ್ರದ ಗಡಿಯಾಚೆ, ಸಿಟ್ಟು ಬಂದರೆ ಮಾತು ತೆಲುಗಿಗೆ ಹೊರಳುತ್ತಿತ್ತು. ತರಬೇತಿಯಲ್ಲಿ ಕಲಿತಂತೆ ರಮೇಶ್‌ಬಾಬು ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತಿಟ್ಟು, "ಅಜೈಲ್‌ನಲ್ಲಿ ನಿಂತೇ ಮಾತಾಡ್ಬೇಕು" ಎಂದ.

"ಕುರ್ಚಿ ಇದ್ದೂ ನಿಲ್ಲಿಸ್ತೀಯಲ್ಲೋ, ನಾವೇನು ಅರ್ಜಿ ಕೊಡಾಕೆ ಬಂದಿದೀವಾ?" ಎಂದು ಗೊಣಗುತ್ತಲೇ ಮೂವರೂ ತಲೆ ತಗ್ಗಿಸಿ ನಿಂತರು. ಹಾಲಿನ ಗಾಡಿಯವನು ಬಾಗಿಲಲ್ಲಿ ಇಣುಕಿ, ತಲೆಗೆ ಸುತ್ತಿದ್ದ ಟವೆಲ್ ತೆಗೆದು ತಾನೂ ಸುಮ್ಮನೆ ನಿಂತ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಯಾರಣ್ಣ ಹೋಗ್ಬಿಟ್ರು?" ಅಂದ. ಅಂದಿನಿಂದ ಮೇಲೂರಿನ ಅಜೈಲ್ ಕೂತೇ ನಡೆಯಿತು.

ಚೀಟಿ ಹಂಚಿದ್ದಾಯಿತು. ಯಾರಿಗೆ ಆಪ್‌ನಲ್ಲಿ ಏನು ಬೇಕೋ ಬರೆದರು. ಆಗ ರಮೇಶ್‌ಬಾಬು ಎದ್ದು, ಗಂಟಲು ಸರಿ ಮಾಡಿಕೊಂಡು, ತನ್ನ ಬಾಳಿನ ಅತ್ಯಂತ ದುಬಾರಿ ಮಾತನ್ನು ಆಡಿದ:

"ನೋಡಿ, ಮೇಲಿನ ಚೀಟಿಗೆ ಮೊದಲ ಮರ್ಯಾದೆ. ಕೆಳಗಿರೋದಕ್ಕೆ ಆಮೇಲೆ."

ಹೊರಗಿನವರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ಈ ಸೀಮೆಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ಎಲೆಅಡಿಕೆಯ ತಟ್ಟೆ ಯಾರ ಮುಂದೆ ಮೊದಲು ಹೋಗಬೇಕು, ಯಾರ ಮುಂದೆ ಆಮೇಲೆ ಎಂಬುದು ತಾತ ಮುತ್ತಾತಂದಿರ ಕಾಲದಲ್ಲೇ ತೀರ್ಮಾನವಾದ ಸಂಗತಿ. ಬಯ್ಯಪ್ಪನವರ ತಮ್ಮನ ಮದುವೆಯಲ್ಲಿ ಮೊದಲ ತಾಂಬೂಲ ಕೈತಪ್ಪಿ ರಾಮಾಂಜಿನಪ್ಪನವರ ಕೈಗೆ ಹೋಗಿ, ಎರಡು ಪಂಕ್ತಿ ಜನ ಎಲೆ ಮುಂದಿನಿಂದ ಎದ್ದುಹೋಗಿದ್ದರು. ಆ ಮದುವೆಹೆಣ್ಣಿನ ಹೆಸರೇನು ಎಂದು ಕೇಳಿದರೆ ಊರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ತಾಂಬೂಲ ತಪ್ಪಿದ್ದು ಮಾತ್ರ ಕೂಸುಮಕ್ಕಳಿಗೂ ಗೊತ್ತು.

ಅಂಥ ಊರಿನಲ್ಲಿ ಮೇಲಿನದಕ್ಕೆ ಮೊದಲ ಮರ್ಯಾದೆ ಎಂದ ಮೇಲೆ ಚೀಟಿಯಲ್ಲಿ ಏನಿದೆ ಎಂದು ಓದುವ ಗೋಜಿಗೆ ಯಾರು ಹೋಗುತ್ತಾರೆ? ಬಯ್ಯಪ್ಪನವರು ತಮ್ಮ ಚೀಟಿಯನ್ನು ತೋಳು ಚಾಚುವಷ್ಟು ಮೇಲೆ ಅಂಟಿಸಿದರು. ರಾಮಾಂಜಿನಪ್ಪನವರು ತುದಿಗಾಲಲ್ಲಿ ನಿಂತು ಅದಕ್ಕೂ ಒಂದು ಬೆರಳು ಮೇಲೆ ಅಂಟಿಸಿದರು. ಬಯ್ಯಪ್ಪನವರು ಕುರ್ಚಿ ಎಳೆದುಕೊಂಡರು. ರಾಮಾಂಜಿನಪ್ಪನವರು ಹೊರಗೆ ಹೋಗಿ ಬಾಳೆಗೊನೆ ಇಳಿಸುವ ಏಣಿ ತರಿಸಿದರು.

"ನೀವಿಬ್ಬರೂ ಸೂರಿಗೆ ಅಂಟಿಸ್ಕೊಳ್ರಪ್ಪ. ಹೆಂಗಸು ಅಂತ ನನ್ನ ಚೀಟಿ ಕೆಳಗಿಟ್ರೆ ಊರ್ಕೋನು, ಸುಮ್ನಿರಲ್ಲ!" ಎಂದು ಅಮ್ಮಾಜಮ್ಮ ಸೆರಗು ಸಿಕ್ಕಿಸಿ ಏಣಿಗೆ ಕಾಲಿಟ್ಟಾಗ ರಮೇಶ್‌ಬಾಬು ಓಡಿಬಂದ. ಏಣಿ ಹಿಡಿದುಕೊಂಡೇ ಸಂಧಾನ ಮಾಡಿದ. ಹಾಲಿ ಅಧ್ಯಕ್ಷರು ಮೊದಲು, ಮಾಜಿ ಅಧ್ಯಕ್ಷರು ಆಮೇಲೆ, ಅದರ ಕೆಳಗೆ ಅಮ್ಮಾಜಮ್ಮ. ಆದರೆ ಅಮ್ಮಾಜಮ್ಮನ ಚೀಟಿಯ ಸುತ್ತ ಅರಿಸಿನ ಕುಂಕುಮ ಹಚ್ಚುವುದು. ಇದಕ್ಕೆ ಎಲ್ಲರೂ ಒಪ್ಪಿದರು.

ಉಳಿದದ್ದು ಒಂದೇ ಚೀಟಿ, ರಮೇಶ್‌ಬಾಬುವಿನದು. ಅದರಲ್ಲಿ ಬರೆದಿದ್ದ: 'ಯಾವ ತೋಟದಲ್ಲಿ ಹಣ್ಣು ರೆಡಿ ಅಂತ ತೋರಿಸಿ ಆರ್ಡರ್ ತಗೊಳ್ಳೋದು.' ಕಾರ್ಯದರ್ಶಿ ಎಂದರೆ ಎಲ್ಲರ ಊಟವಾದ ಮೇಲೆ ಎಲೆ ಹಾಕಿಸಿಕೊಳ್ಳುವವನು, ಅದರಲ್ಲೂ ಇವನು ಪ್ರಭಾರ. ಬಹಳ ವಿನಯದಿಂದ ಬಗ್ಗಿ, ನೆಲಕ್ಕೆ ಒಂದು ಗೇಣು ಮೇಲೆ, ಕಸಪೊರಕೆಯ ಪಕ್ಕದಲ್ಲಿ ಅಂಟಿಸಿದ. "ನೋಡ್ರಪ್ಪ, ಇವನು ದೊಡ್ಡೋರ ಮರ್ಯಾದೆ ತಿಳಿದೋನು" ಎಂದು ಮೂವರೂ ಮೆಚ್ಚಿದರು. ರಮೇಶ್‌ಬಾಬುವಿಗೆ ಖಾಯಂ ಆಗಿಬಿಟ್ಟಷ್ಟೇ ಸಂತೋಷವಾಯಿತು.

ಭಾನುಪ್ರಿಯಾ ಗೋಡೆಯ ಫೋಟೊ ತೆಗೆದುಕೊಂಡು ಹೊರಟಳು, ಮೇಲಿನಿಂದ ಕೆಲಸ ಶುರು ಮಾಡಿದಳು.

ಮೊದಲ ಸ್ಪ್ರಿಂಟ್ ಮುಗಿದ ದಿನ ಕಚೇರಿಯಲ್ಲಿ ಜನ ಜಮಾಯಿಸಿದರು. ಆಪ್ ತೆರೆದರೆ ಬಯ್ಯಪ್ಪನವರ ಪೇಟ ಕಟ್ಟಿದ ಫೋಟೊ ಪರದೆ ತುಂಬ ಬಂತು, ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ. ಚಪ್ಪಾಳೆಯೋ ಚಪ್ಪಾಳೆ. ಬಯ್ಯಪ್ಪನವರು ತಮ್ಮ ಫೋನಿನಲ್ಲಿ ಅದನ್ನು ತೆರೆದು, ಮುಚ್ಚಿ, ಮತ್ತೆ ತೆರೆದರು. ಎಲ್ಲರಿಗೂ ಬಾದಾಮಿ ಹಾಲು ಬಂತು. "ಇದು ಕಣ್ರಯ್ಯಾ ಟೆಕ್ನಾಲಜಿ ಅಂದ್ರೆ" ಎಂದು ಪೆರೇಸಂದ್ರದಿಂದ ಬಂದಿದ್ದ ಅವರ ಬೀಗರು ತಲೆದೂಗಿದರು.

ಎರಡನೇ ಸ್ಪ್ರಿಂಟ್‌ನಲ್ಲಿ ರಾಮಾಂಜಿನಪ್ಪನವರ ಕಾಲದ ಶಂಕುಸ್ಥಾಪನೆಯ ಕಲ್ಲು ಆಪ್‌ಗೆ ಬಂತು. ಕಚೇರಿಯಲ್ಲಿ ಆ ಕಲ್ಲು ಗೊಬ್ಬರದ ಮೂಟೆಗಳ ಹಿಂದೆ ಮುಚ್ಚಿಹೋಗಿತ್ತು. ಆಪ್‌ನಲ್ಲಿ ಬೆರಳಿಟ್ಟು ಹಿಗ್ಗಿಸಿದರೆ ಅವರ ಹೆಸರು ಅಂಗೈಯಷ್ಟು ದೊಡ್ಡದಾಗುತ್ತಿತ್ತು. ರಾಮಾಂಜಿನಪ್ಪನವರ ಕಣ್ಣಲ್ಲಿ ನೀರೇ ಬಂತು. ಅವತ್ತು ಹೋಳಿಗೆ ಊಟ.

ಅವತ್ತು ರಾತ್ರಿ ಮನೆಯಲ್ಲಿ ಹರಿತಾ ಗಂಡನ ಫೋನು ತೆಗೆದುಕೊಂಡು ಆಪ್ ಒತ್ತಿದಳು. ಮೊದಲು ಮೀಸೆ, ಆಮೇಲೆ ಕಲ್ಲು, ಅಲ್ಲಿಗೆ ಮುಗಿಯಿತು.

"ರೀ, ಇದರಲ್ಲಿ ದ್ರಾಕ್ಷಿ ಎಲ್ಲಿ?"

"ಬ್ಯಾಕ್‌ಲಾಗ್‌ನಲ್ಲಿದೆ ಕಣೇ."

"ಚಪ್ಪರದಲ್ಲಿ ಆಗ್ಲೇ ಬಣ್ಣ ತಿರುಗ್ತಾ ಇದೆ. ಇನ್ನು ಮೂರು ವಾರಕ್ಕೆ ಆ ಮಧುಸೂದನ್ ಬಂದು ನಿಂತ್ಕೋತಾರೆ. ಅವರಿಗೆ ಬಯ್ಯಪ್ಪಣ್ಣನ ಮೀಸೆ ಮಾರ್ತೀರಾ?"

ರಮೇಶ್‌ಬಾಬು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ. ಆ ಕ್ಷಣದವರೆಗೆ ಅವನಿಗೆ ಎಲ್ಲವೂ ಅದ್ಭುತವಾಗಿ ನಡೆಯುತ್ತಿದೆ ಎಂದೇ ಇತ್ತು, ಪಾಪ. ಎರಡು ಸ್ಪ್ರಿಂಟಿಗೂ ಚಪ್ಪಾಳೆ ಬಿದ್ದಿರಲಿಲ್ಲವೇ?

ಮರುದಿನ ಮಧ್ಯಾಹ್ನ ಕಚೇರಿ ಖಾಲಿ ಇದ್ದಾಗ ಅವನು ಕಸಪೊರಕೆ ಸರಿಸಿ, ತನ್ನ ಚೀಟಿ ಕಿತ್ತು, ಅಮ್ಮಾಜಮ್ಮನ ಚೀಟಿಯ ಮೇಲೆ ಅಂಟಿಸಲು ಕೈಯೆತ್ತಿದ. ಹಿಂದಿನಿಂದ ದನಿ ಬಂತು.

"ಏಮಪ್ಪಾ ರಮೇಶಾ? ನನ್ನ ಅರಿಸಿನ ಕುಂಕುಮದ ತಲೆ ಮೇಲೆ ಕಾಲಿಡ್ತೀಯಾ?"

ಅಮ್ಮಾಜಮ್ಮ ಬಾಗಿಲಲ್ಲಿ ನಿಂತಿದ್ದರು. ಅವರ ಚೀಟಿಯಲ್ಲಿದ್ದದ್ದು ಸೊಸೆ ಹಾಡುವ ಸ್ವಾಗತ ಗೀತೆ. ಸೊಸೆ ಆಗಲೇ ಹಾಡು ಅಭ್ಯಾಸ ಮಾಡಿ ಗಂಟಲು ಕಟ್ಟಿಸಿಕೊಂಡಿದ್ದಳು.

"ಅಕ್ಕಾ, ಅದು ಹಂಗಲ್ಲ, ದ್ರಾಕ್ಷಿ..."

"ಪ್ರಭಾರ ಇರುವಾಗ್ಲೇ ಹಿಂಗೆ. ಖಾಯಂ ಆದ್ರೆ ನಮ್ಮನ್ನೇ ಕೆಳಗೆ ಅಂಟಿಸ್ತೀಯ!"

ಸಂಜೆಯೊಳಗೆ ಊರೆಲ್ಲ ಸುದ್ದಿ. ಕಾಫಿ ಅಂಗಡಿಯವನು, ಕ್ಷೌರದವನು, ಹಾಲಿನ ಗಾಡಿಯವನು, ಎಲ್ಲರೂ ರಮೇಶ್‌ಬಾಬುವಿಗೆ ಏರುವ ಚಾಳಿ ಬಂದಿದೆ ಎಂದು ಮಾತಾಡಿಕೊಂಡರು. ಬಯ್ಯಪ್ಪನವರು ತುರ್ತು ಸಭೆ ಕರೆದರು. ರಮೇಶ್‌ಬಾಬು ಅಮ್ಮಾಜಮ್ಮನಿಗೆ ತಟ್ಟೆಯಲ್ಲಿ ಎಲೆಅಡಿಕೆ, ಬಾಳೆಹಣ್ಣು, ರವಿಕೆ ಕಣ ಇಟ್ಟು ತಪ್ಪಾಯಿತೆಂದ. ಚೀಟಿ ಮತ್ತೆ ಪೊರಕೆಯ ಪಕ್ಕಕ್ಕೆ ಹೋಯಿತು. ಮೂರನೇ ಸ್ಪ್ರಿಂಟ್ ಸ್ವಾಗತ ಗೀತೆಗೆ ಹೋಗಿ, ಪೂರ್ತಿ ಕೇಳದೆ ಮುಂದಕ್ಕೆ ಹೋಗಲಾಗದಂತೆ ಆಪ್ ತಯಾರಾಯಿತು.

ಅವತ್ತಿನ ಚಪ್ಪಾಳೆ ಮುಗಿದ ಮೇಲೆ ರಮೇಶ್‌ಬಾಬು ಭಾನುಪ್ರಿಯಾಳನ್ನು ಹೊರಗೆ ಕರೆದ.

"ಭಾನುಪ್ರಿಯಮ್ಮ, ನನ್ನ ಚೀಟಿ ಸ್ವಲ್ಪ ಮೊದ್ಲು ಮಾಡ್ಕೊಡಮ್ಮ. ಯಾರಿಗೂ ಹೇಳಲ್ಲ."

"ಗೋಡೆಗೆ ವಿರುದ್ಧ ಹೋಗಲ್ಲ ಸರ್. ಅಲ್ಲದೆ ನಿಮ್ಮದಕ್ಕೂ ಮುಂಚೆ ಹೊಸ ಚೀಟಿ ಬಂದಿದಾವೆ. ಬೀಗರ ಫೋಟೊ, ಕಲ್ಲು ಕೆತ್ತಿದವರ ಹೆಸರು, ಹಾಡಿಗೆ ತಬಲ."

"ಅಲ್ಲಮ್ಮ, ಹಣ್ಣು ಮಾರೋಕೆ ತಾನೇ ಆಪ್ ಮಾಡ್ತಿರೋದು?"

"ಹೌದಾ?" ಎಂದು ಭಾನುಪ್ರಿಯಾ ನಿಜವಾಗಿಯೂ ಆಶ್ಚರ್ಯಪಟ್ಟಳು. "ಅದನ್ನ ಯಾರೂ ಹೇಳಲೇ ಇಲ್ಲ ಸರ್. ನಾನು ಸಂಘದ ಸುವರ್ಣ ಮಹೋತ್ಸವ ಇರಬೇಕು ಅಂದ್ಕೊಂಡಿದ್ದೆ."

ರಮೇಶ್‌ಬಾಬುವಿಗೆ ಅಳು ಬರುವುದೊಂದು ಬಾಕಿ. ಒಳಗೆ ಹೋದರೆ ಬಯ್ಯಪ್ಪನವರು ಎಲ್ಲರೆದುರು, "ಏನಪ್ಪಾ, ಇನ್ನೂ ನಿನ್ ಚೀಟಿದೇ ಚಿಂತೆನಾ?" ಎಂದು ಕೆಣಕಿದರು. ಬೇಸತ್ತ ಬಾಯಿಂದ ಮಾತು ತಾನಾಗಿ ಹೊರಗೆ ಬಿತ್ತು.

"ಅದು ನನ್ ಚೀಟಿ ಅಲ್ಲ ಬಯ್ಯಪ್ಪಣ್ಣ. ಆ ಮಧುಸೂದನ್ ಸಾಹೇಬ್ರದು. ಬರೋ ಅತಿಥಿದು. ಅವರು ಕೇಳಿದ್ದನ್ನ ನಾನು ಬರೆದೆ, ಅಷ್ಟೇ."

ಅಮ್ಮಾಜಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ಶಿವನೇ! ಮನೆಗೆ ಬರೋ ನೆಂಟರ ಚೀಟೀನ ಪೊರಕೆ ಪಕ್ಕದಲ್ಲಿ ಇಟ್ಟಿದ್ದೀಯಾ? ನಮ್ಮ ಊರಿನ ಮಾನ ಏನಾಗ್ಬೇಕು?"

"ಇವನಿಗೆ ಬುದ್ಧಿ ಇಲ್ಲ ಅಂತ ನಾನು ಮೊದ್ಲೇ ಹೇಳಿದ್ದೆ" ಎಂದು ರಾಮಾಂಜಿನಪ್ಪನವರು ತಾವೇ ಬಗ್ಗಿ ಚೀಟಿ ಕಿತ್ತು, ಪಂಚೆಯ ಅಂಚಿನಿಂದ ಧೂಳು ಒರೆಸಿದರು. ಬಯ್ಯಪ್ಪನವರು ಏಣಿ ಹಿಡಿದರು. ಚೀಟಿ ಎಲ್ಲಕ್ಕಿಂತ ಮೇಲೆ, ಸೂರಿನ ಕೆಳಗೆ ಹೋಯಿತು. ಭಾನುಪ್ರಿಯಾ ಫೋಟೊ ತೆಗೆದುಕೊಂಡು, "ಸರಿ ಸರ್, ಇದೇ ಮೊದ್ಲು" ಎಂದು ಬೇಕರಿಯ ಮೇಲಕ್ಕೆ ಓಡಿದಳು. ಹಗಲು ರಾತ್ರಿ ಕೂತು ಕೆಲಸ ಮಾಡಿದಳು, ಅದರಲ್ಲಿ ಎರಡು ಮಾತಿಲ್ಲ.

ಮಧುಸೂದನ್ ಬಂದ ದಿನ ಆಪ್ ತಯಾರಿತ್ತು. ಅವರು ಕೂತು ತೆರೆದರು. ಅತಿಥಿಗೆ ಮೊದಲ ಮರ್ಯಾದೆಯಾದ್ದರಿಂದ ತೋಟಗಳೇ ಮೊದಲು ಬಂದವು. ಹಣ್ಣಾದ ತೋಟಕ್ಕೆ ಹಸಿರು, ಕಾಯಬೇಕಾದದ್ದಕ್ಕೆ ಕೆಂಪು. ಒಂದು ಹಸಿರನ್ನು ಒತ್ತಿದರು, ಆರ್ಡರ್ ಬಿತ್ತು. ಮೀಸೆ, ಕಲ್ಲು, ಹಾಡು ಆಮೇಲೆ ಬಂದವು, ಅವರು ಅದನ್ನೂ ತಾಳ್ಮೆಯಿಂದ ಕೇಳಿದರು.

"ಸೂಪರ್ ಸರ್. ನಮ್ಮ ಕಂಪನಿಯಲ್ಲೂ ಇಷ್ಟು ನೀಟಾಗಿಲ್ಲ" ಎಂದು ಒಪ್ಪಂದದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ರಮೇಶ್‌ಬಾಬು ಸಹಿ ಮಾಡಲು ಬಗ್ಗಿ, ಪಕ್ಕದಲ್ಲಿ ಸೀಲು ಒತ್ತಿದ. ಮಧುಸೂದನ್ ಸೀಲನ್ನು ಓದಿದರು.

"ಪ್ರಭಾರ? ಸಾರಿ ಸರ್, ತಾತ್ಕಾಲಿಕದವರ ಸಹಿ ನಮ್ಮ ಲೀಗಲ್‌ನವರು ಒಪ್ಪಲ್ಲ. ಖಾಯಂ ಕಾರ್ಯದರ್ಶಿ ಬೇಕು."

"ಅದಕ್ಕೇನ್ ಸಾಹೇಬ್ರೇ, ಒಪ್ಪಂದ ಆದ ತಕ್ಷಣ ಖಾಯಂ ಮಾಡ್ತೀವಿ" ಎಂದರು ಬಯ್ಯಪ್ಪನವರು.

"ಖಾಯಂ ಆದ್ಮೇಲೆ ಒಪ್ಪಂದ ಸರ್."

"ಅಷ್ಟೇ ತಾನೇ? ಬರಿಯಪ್ಪ ರಮೇಶಾ ಠರಾವು. ಮೂರು ಜನ ನಿರ್ದೇಶಕರೂ ಇಲ್ಲೇ ಇದೀವಿ. ಇವನನ್ನ ಖಾಯಂ ಮಾಡಕ್ಕೆ ಯಾರದಾದ್ರೂ ಅಡ್ಡಿ ಇದೆಯೇನ್ರಪ್ಪ?"

"ಅಡ್ಡಿನಾ? ಬಂಗಾರದಂಥ ಮನುಷ್ಯ" ಎಂದರು ರಾಮಾಂಜಿನಪ್ಪ. "ಮಾ ರಮೇಶ್ ಬಂಗಾರಂ" ಎಂದರು ಅಮ್ಮಾಜಮ್ಮ.

ರಮೇಶ್‌ಬಾಬುವಿಗೆ ಕಣ್ಣು ಮಂಜಾಯಿತು. ಇಷ್ಟು ವರ್ಷ ಕಾದದ್ದು ಇನ್ನೊಂದು ಸಾಲಿನಷ್ಟು ದೂರದಲ್ಲಿತ್ತು. ಕಾಗದ ಎಳೆದುಕೊಂಡು ಸರಸರ ಬರೆದ. ಕೊನೆಗೆ ತಲೆಯೆತ್ತಿ ಕೇಳಿದ:

"ಸೂಚಿಸಿದವರು ಅಂತ ಯಾರ ಹೆಸರು ಬರೀಲಿ?"

"ನಂದು" ಎಂದರು ಮೂವರೂ.

"ಮಾತು ಕೊಟ್ಟೋನು ನಾನು!" ಎಂದರು ಬಯ್ಯಪ್ಪ.

"ಇವನನ್ನ ಸಂಘಕ್ಕೆ ಸೇರಿಸ್ಕೊಂಡಿದ್ದು ನನ್ ಕಾಲದಲ್ಲಿ. ನಾನು ಸೂಚಿಸ್ತೀನಿ, ನೀನು ಅನುಮೋದಿಸು."

"ನಾನು ನಿನ್ ಹಿಂದೆ ಅನುಮೋದಿಸ್ಬೇಕಾ? ಮದುವೇಲಿ ಮಾಡಿದ್ದು ಸಾಲ್ದಾ?"

"ಇಬ್ಬರೂ ಸುಮ್ನಿರಿ. ಹೋದ ಸಲ ಅರಿಸಿನ ಕುಂಕುಮ ಹಚ್ಚಿ ನನ್ನ ಚೀಟಿ ಮೂರನೇದು ಮಾಡಿದ್ರಿ. ಈ ಸಲ ಕುದರದು, ಆಗಲ್ಲ!" ಎಂದು ಅಮ್ಮಾಜಮ್ಮ ಮೇಜು ಗುದ್ದಿದರು.

"ಯಾರಾದ್ರೂ ಸರಿ, ಒಬ್ಬರು ಹೇಳಿ ನಿಮ್ಮ ದಮ್ಮಯ್ಯ" ಎಂದು ರಮೇಶ್‌ಬಾಬು ಅಂಗಲಾಚಿದ.

ಮೂವರೂ ಒಟ್ಟಿಗೆ ಅವನ ಕಡೆ ತಿರುಗಿದರು. "ಯಾರಾದ್ರೂ ಸರಿ ಅಂದ್ರೆ ಏನಪ್ಪಾ ಅರ್ಥ? ನಾವೇನು ದಾರೀಲಿ ಹೋಗೋರಾ?"

ಮಧುಸೂದನ್ ಇನ್ನೊಂದು ಕಾಫಿ ಕುಡಿದರು. ಗಡಿಯಾರ ನೋಡಿದರು. "ಚಿಂತಾಮಣಿಯಲ್ಲಿ ಇನ್ನೊಂದು ಸಂಘದವರು ಕಾಯ್ತಾ ಇದಾರೆ ಸರ್. ಹಣ್ಣು ಕಾಯಲ್ಲ" ಎಂದು ಕಾಗದ ಮಡಚಿ ಎದ್ದರು. ಬಾಗಿಲವರೆಗೆ ಕಳಿಸಿಕೊಟ್ಟವಳು ಭಾನುಪ್ರಿಯಾ ಒಬ್ಬಳೇ. ಉಳಿದವರಿಗೆ ಪುರುಸೊತ್ತಿರಲಿಲ್ಲ.

ಕಾರಿನ ಸದ್ದು ರಸ್ತೆಯಾಚೆ ಮಾಯವಾಗುವ ಹೊತ್ತಿಗೆ ರಮೇಶ್‌ಬಾಬುವಿನ ಜೇಬಿನಲ್ಲಿ ಫೋನು ಕುಣಿಯಿತು. ಹರಿತಾ. ಅವಳ ಹಿಂದೆ ಬಾಮೈದನ ನಗು ಕೇಳಿಸುತ್ತಿತ್ತು, ಗೌರಿಬಿದನೂರಿನಿಂದ ಬೆಳಗ್ಗೆಯೇ ಬಂದಿಳಿದಿದ್ದ.

"ಏನಾಯ್ತ್ರೀ? ಖಾಯಂ ಆಯ್ತಾ? ಯಾರಾದ್ರೂ ಬೇಡ ಅಂದ್ರಾ?"

ಒಳಗೆ ಅಮ್ಮಾಜಮ್ಮ ಪೂರ್ತಿ ತೆಲುಗಿಗೆ ಇಳಿದಿದ್ದರು. ರಮೇಶ್‌ಬಾಬು ಪೆನ್ನಿನ ಕ್ಯಾಪು ಹಾಕಿ, ಫೋನನ್ನು ಕಿವಿಗೆ ಒತ್ತಿಕೊಂಡ.

"ಇಲ್ಲ ಕಣೇ, ಎಲ್ಲರೂ ಒಪ್ಪಿದಾರೆ. ಯಾರು ಮೊದಲು ಒಪ್ಪಿದ್ದು ಅನ್ನೋದೊಂದು ತೀರ್ಮಾನ ಆಗ್ಬೇಕು, ಅಷ್ಟೇ."